‘ತಡ್ಕೊ’ ಎಂಬ ಮದ್ದು

ಹಿಮೋಫೀಲಿಯಾಕ್ಕೆ ಕನ್ನಡದಲ್ಲಿ ಕುಸುಮರೋಗ ಎಂಬ ಹೆಸರಿದೆ. ಇಟ್ಟವರು ಯಾರೋ, ಮೃದು ಮನಸ್ಸಿನವರೇ ಇರಬೇಕು. ಆ ಹೆಸರು ಕೇಳಿದರೆ ಕಣ್ಣಿಗೆ ಬರುವುದು ಮುಟ್ಟಿದರೆ ನಲುಗುವ ಮಗು. ಹೆಚ್ಚೆಂದರೆ ನಿಲ್ಲದೆ ಸುರಿಯುವ ರಕ್ತ. ನೋವು ನೆನಪಿಗೆ ಬರುವುದಿಲ್ಲ. ಈ ರೋಗದ ಜೊತೆ ಮೂವತ್ತು ನಲವತ್ತು ವರ್ಷ ಬಾಳಿದವರನ್ನು ಮಾತಿಗೆ ಎಳೆದು ನೋಡಿ, ಕೊಯ್ದುಕೊಂಡ ಬೆರಳಿನ ಕಥೆ ಅಪರೂಪ. ಹೇಳುವುದೆಲ್ಲ ಮಂಡಿಯ ಕಥೆ, ಮೊಣಕೈಯ ಕಥೆ, ಪಾದದ ಗಿಣ್ಣಿನ ಕಥೆ. ತೀವ್ರ ಸ್ವರೂಪದ ಹಿಮೋಫೀಲಿಯಾದಲ್ಲಿ, ಅಂದರೆ ಹೆಪ್ಪುಗಟ್ಟಿಸುವ ಎಂಟನೆಯ ಅಥವಾ ಒಂಬತ್ತನೆಯ ಫ್ಯಾಕ್ಟರ್ ಇರಬೇಕಾದ್ದರ ನೂರನೇ ಒಂದು ಪಾಲಿಗಿಂತ ಕಡಿಮೆ ಇದ್ದಾಗ, ಬಿದ್ದು ಪೆಟ್ಟಾಗಲೇಬೇಕೆಂದಿಲ್ಲ. ಸುಮ್ಮನೆ ಮಲಗಿದ್ದಾಗಲೂ ಕೀಲಿನೊಳಗೆ ರಕ್ತ ಒಸರುತ್ತದೆ. ಮೊದಲು ಒಂಥರಾ ಜುಮ್ಮೆನ್ನುತ್ತದೆ, ಆಮೇಲೆ ಬಿಸಿ, ಆಮೇಲೆ ಬಿಗಿತ. ಕೀಲಿನ ಚೀಲ ಹಿಗ್ಗುವಷ್ಟು ಹಿಗ್ಗಿ ಇನ್ನು ಜಾಗವಿಲ್ಲ ಎನ್ನುವ ಹೊತ್ತಿಗೆ ಹೊದಿಕೆಯ ಅಂಚು ತಗುಲಿದರೂ ಕಿರುಚುವ ಹಾಗಾಗುತ್ತದೆ.

ಈ ನೋವಿನ ಬಗ್ಗೆ ನಮ್ಮಲ್ಲಿ ಒಂದು ಮಾತು ಬೇರುಬಿಟ್ಟಿದೆ. ಮನೆಯಲ್ಲಿ ಹಿರಿಯರು ಹೇಳುತ್ತಾರೆ, ವಾರ್ಡಿನಲ್ಲಿ ಹೇಳುತ್ತಾರೆ, ವೈದ್ಯರಲ್ಲೂ ಕೆಲವರು ಹೇಳುತ್ತಾರೆ: ‘ಫ್ಯಾಕ್ಟರ್ ಏರಿಸಿದ್ರೆ ನೋವು ತಾನಾಗೇ ಹೋಗುತ್ತೆ. ಅಲ್ಲೀವರೆಗೂ ತಡ್ಕೊ. ನೋವಿನ ಮಾತ್ರೆ ಈ ಕಾಯಿಲೆಯವರಿಗೆ ಆಗಲ್ಲ.’ ಮೂರು ವಾಕ್ಯ. ಮೊದಲನೆಯದರಲ್ಲೂ ಕೊನೆಯದರಲ್ಲೂ ಅರ್ಧರ್ಧ ನಿಜವಿದೆ. ಆ ಅರ್ಧ ನಿಜಗಳ ಹೆಗಲ ಮೇಲೆ ನಡುವಿನ ‘ತಡ್ಕೊ’ ಇಷ್ಟು ವರ್ಷ ಸವಾರಿ ಮಾಡಿದೆ ಎನ್ನುವುದು ನನ್ನ ತಕರಾರು.

ಕೊನೆಯದರಿಂದಲೇ ಹೊರಡುತ್ತೇನೆ, ಏಕೆಂದರೆ ಅದು ಹುಟ್ಟಿದ್ದೇಕೆ ಎನ್ನುವುದು ಬೆಂಗಳೂರಿನ ಅಂಚಿನ ಬೇಗೂರಿನಂಥ ಊರಿನಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಹೊಸೂರು ರಸ್ತೆ ಬಿಟ್ಟು ಬೇಗೂರು ರಸ್ತೆಗೆ ತಿರುಗಿದರೆ ಕ್ಲಿನಿಕ್ಕು, ಮೆಡಿಕಲ್ ಸ್ಟೋರು, ಮತ್ತೆ ಕ್ಲಿನಿಕ್ಕು. ನಡುವೆ ಎಲ್ಲಾದರೂ ಮೂಳೆ ಕಟ್ಟುವವರ ‘ಪುತ್ತೂರು ಕಟ್ಟು’ ಎಂಬ ಬೋರ್ಡು. ಇಲ್ಲಿ ಬರುವವರು ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು, ಎಲೆಕ್ಟ್ರಾನಿಕ್ ಸಿಟಿಗೆ ಕ್ಯಾಬ್ ಓಡಿಸುವವರು, ಅಪಾರ್ಟ್‌ಮೆಂಟ್ ಗೇಟಿನಲ್ಲಿ ಹನ್ನೆರಡು ಗಂಟೆ ನಿಲ್ಲುವ ಸೆಕ್ಯೂರಿಟಿಯವರು. ಒಂದು ದಿನ ಮಲಗಿದರೆ ಒಂದು ದಿನದ ಸಂಬಳ ಹೋಯಿತು. ಅವರಿಗೆ ಬೇಕಾದ್ದು ನಾಳೆ ಬೆಳಿಗ್ಗೆ ನೆಲಕ್ಕೆ ಊರಬಲ್ಲ ಕಾಲು. ಹಾಗಾಗಿ ಮಂಡಿನೋವು ಎಂದು ಬಂದವರಿಗೆ ಸೊಂಟಕ್ಕೊಂದು ಡೈಕ್ಲೋಫೆನಾಕ್ ಸೂಜಿ, ಕೈಗೊಂದು ಕಾಂಬಿಫ್ಲಾಮ್ ಪಟ್ಟಿ. ಬೇರೆಯವರಿಗೆ ಇದು ನಡೆದುಹೋಗುತ್ತದೆ. ಹಿಮೋಫೀಲಿಯಾ ಇರುವವನಿಗೆ ಒಂದೇ ಏಟಿಗೆ ಎರಡು ಕೇಡು. ಡೈಕ್ಲೋಫೆನಾಕ್, ಕಾಂಬಿಫ್ಲಾಮಿನಲ್ಲಿರುವ ಐಬುಪ್ರೊಫೆನ್, ಡಿಸ್ಪ್ರಿನ್‌ನಲ್ಲಿರುವ ಆಸ್ಪಿರಿನ್, ಇವೆಲ್ಲ ರಕ್ತದ ಪ್ಲೇಟ್‌ಲೆಟ್‌ಗಳ ಕೈ ಕಟ್ಟುತ್ತವೆ. ಫ್ಯಾಕ್ಟರ್ ಇಲ್ಲದ ದೇಹಕ್ಕೆ ಉಳಿದಿರುವ ಮೊದಲ ತಡೆಯೇ ಆ ಪ್ಲೇಟ್‌ಲೆಟ್. ಆಸ್ಪಿರಿನ್ ಕೆಡಿಸಿದ ಪ್ಲೇಟ್‌ಲೆಟ್ ಸರಿಹೋಗುವುದೇ ಇಲ್ಲ, ಹೊಸದು ಹುಟ್ಟಬೇಕು, ಅದಕ್ಕೆ ವಾರ ಬೇಕು. ಇನ್ನು ಸ್ನಾಯುವಿಗೆ ಚುಚ್ಚಿದ ಸೂಜಿ ಸ್ನಾಯುವಿನೊಳಗೇ ಹೊಸ ರಕ್ತಸ್ರಾವ ಶುರುಮಾಡುತ್ತದೆ. ಕಾಲಿನ ನೋವಿಗೆ ಹೋದವನು ಸೊಂಟದ ನೋವನ್ನೂ ಹೊತ್ತು ಬರುತ್ತಾನೆ. ಉಳುಕು ತೆಗೆಸುವುದು, ಎಣ್ಣೆ ತಿಕ್ಕುವುದು, ಶಾಖ ಕೊಡುವುದು ಇದಕ್ಕೇನೂ ಕಡಿಮೆಯಲ್ಲ.

ಆದ್ದರಿಂದ ‘ಕಂಡ ನೋವಿನ ಮಾತ್ರೆ ನುಂಗಬೇಡ’ ಎಂದ ಮೊದಲ ವೈದ್ಯರು ಸರಿಯಾಗಿಯೇ ಹೇಳಿದರು. ಆದರೆ ಬಾಯಿಂದ ಬಾಯಿಗೆ ಹೋಗುತ್ತ ‘ಕಂಡ’ ಎಂಬ ಪದ ಉದುರಿಹೋಯಿತು. ಉಳಿದದ್ದು ‘ನೋವಿನ ಮಾತ್ರೆ ನುಂಗಬೇಡ’. ಒಂದು ಪದ ಉದುರಿದ್ದಕ್ಕೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆಯೋ.

ವಿಶ್ವ ಹಿಮೋಫೀಲಿಯಾ ಒಕ್ಕೂಟದ ಮಾರ್ಗಸೂಚಿಯ ಮೂರನೆಯ ಆವೃತ್ತಿ 2020ರಲ್ಲಿ ಬಂತು. ಇದೇನೂ ಹಿಮದ ನಾಡಿನವರು ನಮ್ಮ ಪಾಡು ತಿಳಿಯದೆ ಬರೆದದ್ದಲ್ಲ. ಅದರ ಮೊದಲ ಲೇಖಕರು ಆಗ ವೆಲ್ಲೂರಿನ ಸಿಎಂಸಿಯಲ್ಲಿದ್ದ ಡಾ. ಅಲೋಕ್ ಶ್ರೀವಾಸ್ತವ; ನಮ್ಮ ಎಷ್ಟೋ ರೋಗಿಗಳು ರೈಲು ಹತ್ತಿ ಹೋಗುವ ಅದೇ ವೆಲ್ಲೂರು. ಅದರಲ್ಲಿ ನೋವಿಗೆಂದೇ ಮೆಟ್ಟಿಲು ಮೆಟ್ಟಿಲಾಗಿ ಮದ್ದು ಹೇಳಿದ್ದಾರೆ. ಮೊದಲು ಪ್ಯಾರಾಸಿಟಮಾಲ್. ಬೆಂಗಳೂರಿನದೇ ಕಂಪನಿ ಮಾಡುವ ಡೋಲೋ 650 ಯಾವ ಮೆಡಿಕಲ್ ಸ್ಟೋರಿನಲ್ಲಿ ಇಲ್ಲ? ಅದಕ್ಕೆ ಬಗ್ಗದಿದ್ದರೆ ಸೆಲೆಕಾಕ್ಸಿಬ್‌ನಂಥ, ಪ್ಲೇಟ್‌ಲೆಟ್ಟಿನ ತಂಟೆಗೆ ಹೆಚ್ಚು ಹೋಗದ ಬಗೆಯ ಮಾತ್ರೆ, ಇಲ್ಲವೇ ಪ್ಯಾರಾಸಿಟಮಾಲ್ ಜೊತೆ ಕೊಡೀನ್ ಅಥವಾ ಟ್ರಮಡಾಲ್. ಅದಕ್ಕೂ ಬಗ್ಗದ ನೋವಿಗೆ ಮಾರ್ಫಿನ್. ಎಚ್ಚರಿಕೆಗಳಿವೆ. ಹಿಂದೆ ಪರೀಕ್ಷೆಯಿಲ್ಲದ ರಕ್ತ, ಪ್ಲಾಸ್ಮಾ ಏರಿಸಿಕೊಂಡು ಹೆಪಟೈಟಿಸ್ ಸಿ ತಗುಲಿಸಿಕೊಂಡವರಿಗೆ ಯಕೃತ್ತು ನೋಡಿಕೊಂಡೇ ಪ್ಯಾರಾಸಿಟಮಾಲ್ ಅಳತೆ ಹಾಕಬೇಕು. ಹೃದಯ, ಮೂತ್ರಪಿಂಡ ಸರಿಯಿಲ್ಲದವರಿಗೆ ಸೆಲೆಕಾಕ್ಸಿಬ್ ಬಗೆಯದು ಆಗಿಬರುವುದಿಲ್ಲ. ಇವು ವೈದ್ಯರು ಕೂತು ಲೆಕ್ಕ ಹಾಕಬೇಕಾದ ಸಂಗತಿಗಳು. ಲೆಕ್ಕ ಕಷ್ಟ ಎಂದು ಮದ್ದನ್ನೇ ಕೊಡದಿರುವುದು ಯಾವ ವೈದ್ಯ?

ಮಾರ್ಫಿನ್ ಎಂದೊಡನೆ ಹುಬ್ಬು ಗಂಟಿಕ್ಕುವವರಿದ್ದಾರೆ. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳೇ ಅದನ್ನು ಇಟ್ಟುಕೊಳ್ಳಲು ಹೆದರಿದವು. 2014ರ ತಿದ್ದುಪಡಿ ಮಾರ್ಫಿನ್, ಕೊಡೀನ್‌ಗಳನ್ನು ಅತ್ಯಗತ್ಯ ಔಷಧಿಗಳೆಂದು ಬೇರೆ ಮಾಡಿ, ಮಾನ್ಯತೆ ಪಡೆದ ಸಂಸ್ಥೆಗಳಿಗೆ ದಾರಿ ಸಲೀಸು ಮಾಡಿತು. ಹೆದರಿಕೆ ಮಾತ್ರ ಅಲ್ಲೇ ಉಳಿಯಿತು. 2018ರಲ್ಲಿ ಟ್ರಮಡಾಲ್ ಕೂಡ ಆ ಕಾಯ್ದೆಯ ಪಟ್ಟಿಗೆ ಸೇರಿದ ಮೇಲೆ, ಚೀಟಿ ಹಿಡಿದು ಬಂದವನನ್ನೂ ಅನುಮಾನದಿಂದ ನೋಡಲು ಅಂಗಡಿಯವರಿಗೆ ಒಂದು ನೆಪ ಸಿಕ್ಕಿತು. ಚಟದ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಜೀವಮಾನವಿಡೀ ಇರುವ ನೋವಿಗೆ ಇಂಥ ಮದ್ದು ದಿನಾ ಕೊಡುವುದು ಅಪಾಯವೇ. ಆದರೆ ಮಂಡಿ ಬಿರಿಯುವಂತಿರುವ ಎರಡು ರಾತ್ರಿಗೆ ಕೊಡುವುದಕ್ಕೂ ಅದಕ್ಕೂ ಎಲ್ಲಿಯ ಹೋಲಿಕೆ?

ಈಗ ಮೊದಲನೆಯ ವಾಕ್ಯ: ಫ್ಯಾಕ್ಟರ್ ಏರಿಸಿದರೆ ನೋವು ಹೋಗುತ್ತದೆ. ಹೊಸದಾಗಿ ರಕ್ತ ಒಸರುತ್ತಿರುವ ಕೀಲಿಗೆ ಇದಕ್ಕಿಂತ ಒಳ್ಳೆಯ ನೋವುನಿವಾರಕ ಇಲ್ಲ, ಒಪ್ಪಿದೆ. ಎಂಟನೆಯ ಫ್ಯಾಕ್ಟರ್ ಅನ್ನು ದೇಹತೂಕದ ಕಿಲೋ ಒಂದಕ್ಕೆ ಒಂದು ಯೂನಿಟ್ ಕೊಟ್ಟರೆ ರಕ್ತದಲ್ಲಿ ಅದು ಶೇ 2ರಷ್ಟು ಏರುತ್ತದೆ. ಅರವತ್ತು ಕಿಲೋ ಇರುವವನನ್ನು ಶೇ 40ಕ್ಕೆ ಒಯ್ಯಲು 1,200 ಯೂನಿಟ್ ಬೇಕು. ರಕ್ತ ಒಸರತೊಡಗಿದ ಎರಡು ಗಂಟೆಯೊಳಗೆ ಕೊಟ್ಟರೆ ಉತ್ತಮ. ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದು ಉಚಿತವಾಗಿ ಸಿಗುವಂತಾದದ್ದು ರೋಗಿಗಳೂ ಅವರ ಮನೆಯವರೂ ವರ್ಷಗಟ್ಟಲೆ ಬಾಗಿಲು ತಟ್ಟಿದ್ದರ ಫಲ. ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫೀಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಈ ರೋಗ ಇರುವವರು. ನಮ್ಮ ರಾಜ್ಯಕ್ಕೆ ಈ ರೋಗದ ಅಕ್ಷರಾಭ್ಯಾಸ ಮಾಡಿಸಿದವರಲ್ಲಿ ಹೀಗೆ ಮೈಯಲ್ಲೇ ಅದನ್ನು ಓದಿಕೊಂಡವರು ದೊಡ್ಡ ಪಾಲು.

ಬೇಗೂರಿನಿಂದ ಲೆಕ್ಕ ಹಾಕಿ. ಹಿಮೋಫೀಲಿಯಾ ಬಲ್ಲ ವೈದ್ಯರು ಹತ್ತಿರದಲ್ಲೆಂದರೆ ಕೋರಮಂಗಲದ ಸೇಂಟ್ ಜಾನ್ಸ್. ದೂರ ಹತ್ತು ಕಿಲೋಮೀಟರ್ ಆಸುಪಾಸು. ನಡುವೆ ಸಿಲ್ಕ್ ಬೋರ್ಡ್. ಸಂಜೆ ಆರಕ್ಕೆ ಆಟೊ ಹತ್ತಿದವನಿಗೆ ಎರಡು ಗಂಟೆಯ ಗಡುವಿನ ಬಗ್ಗೆ ಹೇಳಿದರೆ ನಕ್ಕಾನು. 2025ರ ಆಗಸ್ಟಿನಲ್ಲಿ ಹಳದಿ ಮೆಟ್ರೊ ಶುರುವಾದ ಮೇಲೆ ಬೊಮ್ಮನಹಳ್ಳಿಯಿಂದ ಸಿಲ್ಕ್ ಬೋರ್ಡಿಗೆ ನಿಮಿಷಗಳ ಮಾತು, ನಿಜ. ಆದರೆ ಊದಿದ ಮಂಡಿಯನ್ನು ಬೇಗೂರಿನಿಂದ ಬೊಮ್ಮನಹಳ್ಳಿಗೆ, ಸಿಲ್ಕ್ ಬೋರ್ಡಿನಿಂದ ಆಸ್ಪತ್ರೆಗೆ ಹೊರುವವರು ಯಾರು? ಈ ಹೊತ್ತಿನಲ್ಲಿ, ರೋಗಿಯ ಜೇಬಿನಲ್ಲಿ ಫ್ಯಾಕ್ಟರ್ ಇಲ್ಲದಿರುವಾಗ, ‘ಮೊದಲು ಫ್ಯಾಕ್ಟರ್, ಆಮೇಲೆ ನೋವಿನ ಮಾತು’ ಎಂಬ ಸೂತ್ರ ಅವನನ್ನು ಬರಿಗೈಯಲ್ಲಿ ನಿಲ್ಲಿಸುತ್ತದೆ. ಫ್ಯಾಕ್ಟರ್ ಏರಿದ ಮೇಲೂ ಕಥೆ ಮುಗಿಯುವುದಿಲ್ಲ. ಅದು ಒಸರುವುದನ್ನು ನಿಲ್ಲಿಸುತ್ತದೆ. ಆಗಲೇ ತುಂಬಿದ ರಕ್ತ ಇಂಗಲು ದಿನಗಳೇ ಹಿಡಿಯುತ್ತವೆ. ‘ಏರಿಸಿದ್ದಾಯ್ತಲ್ಲ, ಇನ್ನೇನು ನೋವು?’ ಎಂದು ಕೇಳುವವರು ನಲ್ಲಿ ತಿರುಗಿಸಿದ ಕೂಡಲೇ ಮನೆಯೊಳಗಿನ ನೀರು ಬತ್ತಿತೆಂದು ತಿಳಿದವರು.

ಐಸ್ ಇಡುವುದೂ ಹೀಗೆಯೇ ಒಂದು ರೂಢಿ. ಐಸ್ ನೋವನ್ನು ಮರಗಟ್ಟಿಸುತ್ತದೆ, ಅಷ್ಟರಮಟ್ಟಿಗೆ ಒಳ್ಳೆಯದು. ಅದು ರಕ್ತ ನಿಲ್ಲಿಸುತ್ತದೆ ಎನ್ನುವ ನಂಬಿಕೆ ಮಾತ್ರ ಅಲುಗಾಡುತ್ತಿದೆ. ತಣ್ಣಗಾದ ಅಂಗಾಂಶದಲ್ಲಿ ರಕ್ತ ಹೆಪ್ಪುಗಟ್ಟುವುದು ನಿಧಾನವಾಗುತ್ತದೆ ಎಂದು 2012ರಲ್ಲೇ ತಜ್ಞರು ಎಚ್ಚರಿಸಿದ್ದರು. ಬಟ್ಟೆ ಸುತ್ತಿ, ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆದರೆ ಸಾಕು. ರಾತ್ರಿಯೆಲ್ಲ ಒತ್ತಿ ಹಿಡಿಯುವ ತಾಯಂದಿರಿದ್ದಾರೆ, ಅವರಿಗೆ ಯಾರಾದರೂ ಹೇಳಬೇಕು.

ನನ್ನ ವಾದದ ತಿರುಳು ಇನ್ನು ಬರುವುದು. ಹಿಮೋಫೀಲಿಯಾದ ನೋವು ಒಂದಲ್ಲ, ಎರಡು. ಒಂದು ರಕ್ತಸ್ರಾವದ್ದು. ಇನ್ನೊಂದು, ಹಿಂದಿನ ರಕ್ತಸ್ರಾವಗಳೆಲ್ಲ ಸೇರಿ ತಿಂದುಹಾಕಿದ ಕೀಲಿನದು. ಕೀಲಿನೊಳಗೆ ಉಳಿದ ರಕ್ತ ಕೊಳೆತು ಬಿಡುವುದು ಕಬ್ಬಿಣವನ್ನು. ಆ ಕಬ್ಬಿಣ ಕೀಲಿನ ಒಳಪೊರೆಗೆ ಇಳಿದು ಅದನ್ನು ಕೆರಳಿಸುತ್ತದೆ. ಕೆರಳಿದ ಪೊರೆ ದಪ್ಪಗಾಗಿ ಹೊಸ ರಕ್ತನಾಳಗಳನ್ನು ಬೆಳೆಸಿಕೊಳ್ಳುತ್ತದೆ. ಆ ಎಳೆಯ ನಾಳಗಳು ಮತ್ತೆ ಸುಲಭವಾಗಿ ಒಡೆಯುತ್ತವೆ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ಮೂರು ಸಲ ತಾನಾಗಿ ರಕ್ತ ತುಂಬಿದರೆ ಅದನ್ನು ‘ಟಾರ್ಗೆಟ್ ಜಾಯಿಂಟ್’ ಎನ್ನುತ್ತಾರೆ, ರೋಗ ಗುರಿಯಿಟ್ಟ ಕೀಲು. ಕೊನೆಗೆ ಮೃದ್ವಸ್ಥಿ ಸವೆದು ಮೂಳೆಗೆ ಮೂಳೆ ತಾಗುತ್ತದೆ. ಇಪ್ಪತ್ತೈದರ ಹುಡುಗನಿಗೆ ಎಪ್ಪತ್ತರ ಅಜ್ಜನ ಮಂಡಿ. ಈ ನೋವಿಗೆ ಫ್ಯಾಕ್ಟರಿನ ಬಾಟಲಿಗಳನ್ನು ಸಾಲಾಗಿ ಏರಿಸಿದರೂ ಉಪಯೋಗವಿಲ್ಲ, ಏಕೆಂದರೆ ಅಲ್ಲಿ ನಿಲ್ಲಿಸಲು ರಕ್ತವೇ ಹರಿಯುತ್ತಿಲ್ಲ.

ಇವೆರಡನ್ನು ಬೇರೆ ಮಾಡಿ ನೋಡುವುದು ಅಂದುಕೊಂಡಷ್ಟು ಸುಲಭವಲ್ಲ. ‘ನನ್ನ ಮೈ ನನಗೆ ಗೊತ್ತು, ಬ್ಲೀಡ್ ಆದರೆ ತಿಳಿಯುತ್ತೆ’ ಎನ್ನುವುದು ಹಳೆಯ ರೋಗಿಗಳ ಹೆಮ್ಮೆ, ವೈದ್ಯರೂ ಅದನ್ನು ಗೌರವಿಸುತ್ತ ಬಂದಿದ್ದಾರೆ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನೋವೆಂದು ಬಂದ ಕೀಲುಗಳಿಗೆ ಕೂಡಲೇ ಅಲ್ಟ್ರಾಸೌಂಡ್ ಇಟ್ಟು ನೋಡಿದರು. ರೋಗಿಯ ಊಹೆಯೂ ವೈದ್ಯರ ಊಹೆಯೂ ಮತ್ತೆ ಮತ್ತೆ ತಪ್ಪಿದವು. ರಕ್ತವೆಂದು ಫ್ಯಾಕ್ಟರ್ ಏರಿಸಲು ಹೊರಟಲ್ಲಿ ಬರೀ ಸವೆತ; ಹಳೇ ನೋವೆಂದು ಕೈಬಿಟ್ಟಲ್ಲಿ ಹೊಸ ರಕ್ತ. ನಮ್ಮಂಥ, ಒಂದೊಂದು ಬಾಟಲಿಗೂ ಇಂಡೆಂಟ್ ಹಾಕಿ ಕಾಯುವ ರಾಜ್ಯಕ್ಕೆ ಇದು ಚಿಕ್ಕ ಸಂಗತಿಯೇನಲ್ಲ. ಫ್ಯಾಕ್ಟರ್ ಒಂದೇ ನೋವಿನ ಮದ್ದು ಎಂದು ನಂಬಿದವರು ಬೇಡದ ಕಡೆ ಅದನ್ನು ಸುರಿದು, ಬೇಕಾದ ಕಡೆ ಇಲ್ಲವಾಗಿಸುತ್ತಾರೆ. ಅಲ್ಟ್ರಾಸೌಂಡ್ ಯಂತ್ರ ಇಂದು ಬೇಗೂರು ರಸ್ತೆಯ ಡಯಾಗ್ನೋಸ್ಟಿಕ್ ಸೆಂಟರುಗಳಲ್ಲೂ ಇದೆ. ಕೀಲು ನೋಡಲು ಕಲಿತ ಕಣ್ಣು ಕಡಿಮೆ, ಅಷ್ಟೆ.

ಸವೆದ ಕೀಲಿಗೆ ಇರುವ ಮದ್ದು ಬಹುಪಾಲು ಅಂಗಡಿಯಲ್ಲಿ ಸಿಗುವುದಿಲ್ಲ. ತೊಡೆಯ ಸ್ನಾಯು ಬಲವಾದಷ್ಟೂ ಮಂಡಿಯ ಮೇಲಿನ ಭಾರ ಇಳಿಯುತ್ತದೆ; ಅದಕ್ಕೆ ಫಿಸಿಯೋಥೆರಪಿ, ಈಜು, ದಿನಾ ಹತ್ತು ನಿಮಿಷ ಕಾಲು ಚಾಚುವ ವ್ಯಾಯಾಮ. ಇಲ್ಲಿ ನಮಗೆ ಅಡ್ಡ ಬರುವುದು ಆ ಕುಸುಮವೇ. ಹೂವಿನ ಹಾಗೆ ನೋಡಿಕೊಳ್ಳಬೇಕೆಂದು ಓಡಬೇಡ, ಹತ್ತಬೇಡ, ಆಡಬೇಡ ಎಂದು ಬೆಳೆಸಿದ ಮಗುವಿನ ಕಾಲು ಕಡ್ಡಿಯಾಗುತ್ತದೆ. ಕಡ್ಡಿಯಾದ ಕಾಲಿನ ಕೀಲಿಗೆ ಆಸರೆಯಿಲ್ಲ. ಆಸರೆಯಿಲ್ಲದ ಕೀಲಿನಲ್ಲಿ ಮತ್ತೆ ರಕ್ತ. ರಕ್ತ ಹೊಸದಾಗಿ ತುಂಬಿದಾಗ ಕೀಲಿಗೆ ವಿಶ್ರಾಂತಿ ಬೇಕು, ಕೆಲವು ದಿನ. ಅದನ್ನು ಬಾಲ್ಯಪೂರ್ತಿ ಎಳೆದದ್ದು ಪ್ರೀತಿಯೇ ಇರಬಹುದು, ಮಂಡಿಗೆ ಅದು ಗೊತ್ತಾಗುವುದಿಲ್ಲ.

ನನ್ನ ಮಾತಿಗೆ ಬಲವಾದ ಒಂದು ಎದುರು ಮಾತಿದೆ. ನೋವು ಎಚ್ಚರಿಕೆಯ ಗಂಟೆ, ಅದನ್ನು ಅದುಮಿದರೆ ಒಳಗಿನ ಅನಾಹುತ ಕಾಣುವುದಿಲ್ಲ ಎನ್ನುತ್ತಾರೆ. ಸುಳ್ಳಲ್ಲ. ತೊಡೆಸಂದಿನ ಆಳದ ಇಲಿಯೋಸೋವಾಸ್ ಸ್ನಾಯುವಿನಲ್ಲಿ ರಕ್ತ ತುಂಬಿದರೆ ಅಪೆಂಡಿಸೈಟಿಸ್ ಎಂದೇ ಅನಿಸುವಂಥ ನೋವು ಬರುತ್ತದೆ. ಗುರುತಿಸದೆ ಬಿಟ್ಟರೆ ನರ ಸಾಯಬಹುದು, ಜೀವಕ್ಕೂ ಅಪಾಯ. ಮುಂಗೈಯಲ್ಲಿ, ಮೀನಖಂಡದಲ್ಲಿ ಬಿಗಿದುಕೊಂಡ ರಕ್ತಸ್ರಾವವೂ ಹಾಗೆಯೇ. ಆದರೆ ಗಂಟೆ ಬಾರಿಸಿದ್ದು ಕೇಳಿಸಿದ ಮೇಲೂ, ಬಾಗಿಲು ತೆರೆದು ನೋಡಿದ ಮೇಲೂ ಅದನ್ನು ಬಾರಿಸುತ್ತಲೇ ಇರಲಿ ಎನ್ನುವುದರಲ್ಲಿ ಏನರ್ಥ? ಪರೀಕ್ಷೆ ಮಾಡಿ, ಬರೆದಿಟ್ಟುಕೊಂಡು, ಮದ್ದು ಕೊಟ್ಟು, ಎರಡು ಗಂಟೆ ಬಿಟ್ಟು ಬೆರಳು ಮರಗಟ್ಟಿದೆಯೇ ಎಂದು ಮತ್ತೆ ನೋಡಬೇಕು. ನೋವನ್ನು ಕಾವಲಿಗೆ ಕೂರಿಸಿ ತಾವು ಎದ್ದುಹೋಗುವವರ ವಾದ ಇದು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಇನ್ನು ‘ತಡ್ಕೊ’. ಬೇಗೂರು ವೀರಗಲ್ಲುಗಳ ಊರು. ಸುಮಾರು 890ರ, ‘ಬೆಂಗಳೂರು’ ಎಂಬ ಹೆಸರನ್ನು ಒಂದು ಕಾಳಗದ ನೆಪದಲ್ಲಿ ಮೊದಲ ಸಲ ಹೇಳುವ ಶಾಸನ ಇಲ್ಲಿನ ನಾಗನಾಥೇಶ್ವರ ದೇವಸ್ಥಾನದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ಮಡಿದ ನಾಗತ್ತರನ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಆನೆ, ಕುದುರೆ, ಬಿಲ್ಲು, ಬಿದ್ದವರ ಮೇಲೆ ಬಿದ್ದವರು. ಕಲ್ಲಿನಲ್ಲಿ ಯಾರೂ ನರಳುವುದಿಲ್ಲ. ಗಾಯವನ್ನು ಎದೆಗೊಟ್ಟು ಪಡೆದವನಿಗೆ ಕಲ್ಲು ನಿಲ್ಲಿಸಿದ್ದು ಸರಿಯೇ. ಆದರೆ ಎಂಟು ವರ್ಷದ ಮಗು ಯಾವ ಕಾಳಗಕ್ಕೂ ಹೊರಟಿದ್ದಲ್ಲ. ‘ಗಂಡುಮಗ ಅಳಬಾರದು ಕಣೋ’ ಎಂದು ಹೇಳಿಸಿಕೊಂಡು ಬೆಳೆದವನು ಮೊದಲು ಕಲಿಯುವುದು ಮುಚ್ಚಿಡುವುದನ್ನು. ಹೇಳಿದರೆ ಸೂಜಿ, ಸ್ಕೂಲಿಗೆ ಚಕ್ಕರ್, ಅಮ್ಮನಿಗೆ ಗಾರ್ಮೆಂಟ್ಸಿನಲ್ಲಿ ಒಂದು ದಿನದ ಸಂಬಳ ಕಟ್. ಈ ಲೆಕ್ಕ ಆ ವಯಸ್ಸಿಗೇ ಬರುತ್ತದೆ. ಜುಮ್ಮೆಂದಾಗಲೇ ಹೇಳಿದ್ದರೆ ಒಂದು ಬಾಟಲಿಗೆ ಮುಗಿಯುತ್ತಿದ್ದದ್ದು, ಮಂಡಿ ಕುಂಬಳಕಾಯಿಯಾದ ಮೇಲೆ ಹೊರಬೀಳುತ್ತದೆ. ತಡೆದುಕೊಳ್ಳುವುದನ್ನು ಕಲಿಸಿದ ಮನೆ ಫ್ಯಾಕ್ಟರನ್ನೂ ತಡ ಮಾಡಿಸಿತು. ನೋವಿನ ಮಾತ್ರೆ ಎಚ್ಚರಿಕೆಯನ್ನು ಅಡಗಿಸುತ್ತದೆ ಎಂದು ದೂರುವವರಿಗೆ, ಧೈರ್ಯದ ಉಪದೇಶ ಅದಕ್ಕಿಂತ ಚೆನ್ನಾಗಿ ಅಡಗಿಸುತ್ತದೆ ಎನ್ನುವುದು ಏಕೆ ಹೊಳೆಯುವುದಿಲ್ಲವೋ.

ಆ ಅಮ್ಮನ ನೋವನ್ನಂತೂ ಕೇಳಿದವರೇ ಇಲ್ಲ. ‘ವಾಹಕಿ’ ಎಂದು ಕರೆದು ಆಕೆಯನ್ನು ವಂಶವೃಕ್ಷದ ಒಂದು ಗೆರೆ ಮಾಡಿಬಿಟ್ಟಿದ್ದೇವೆ. ಅವಳಲ್ಲೂ ಫ್ಯಾಕ್ಟರ್ ಕಡಿಮೆ ಇರಬಹುದು, ತಿಂಗಳು ತಿಂಗಳೂ ಮಿತಿಮೀರಿ ಸ್ರಾವ ಹೋಗಬಹುದು, ಅವಳ ಕೀಲೂ ನೋಯಬಹುದು. ಮಟ್ಟ ಕಡಿಮೆಯಿರುವ ಹೆಂಗಸರನ್ನೂ ಹಿಮೋಫೀಲಿಯಾ ಇರುವವರೆಂದೇ ಕರೆಯಬೇಕೆಂದು ಅಂತರರಾಷ್ಟ್ರೀಯ ತಜ್ಞರು ಹೇಳಿದ್ದು 2021ರಲ್ಲಿ.

ಈಚೆಗೆ ಹೊಸ ರೂಢಿಯ ಮಾತೊಂದು ಹುಟ್ಟಿದೆ: ಹೊಸ ಔಷಧಿ ಬಂತು, ಇನ್ನು ನೋವಿನ ಚರ್ಚೆ ಯಾಕೆ? ಚರ್ಮದ ಕೆಳಗೆ ಚುಚ್ಚುವ ಎಮಿಸಿಝುಮ್ಯಾಬ್ ನಿಜಕ್ಕೂ ದೊಡ್ಡ ಹೆಜ್ಜೆ. 2018ರಲ್ಲಿ ಪ್ರಕಟವಾದ ಅದರ ಪ್ರಯೋಗವೊಂದರಲ್ಲಿ ವಾರಕ್ಕೊಮ್ಮೆ ತೆಗೆದುಕೊಂಡವರಲ್ಲಿ ಅರ್ಧಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಬೇಕಾಗುವ ರಕ್ತಸ್ರಾವ ಒಂದೂ ಆಗಲಿಲ್ಲ. ವೆಲ್ಲೂರಿನಲ್ಲಿ ಐವರಿಗೆ ಮಾಡಿದ ಜೀನ್ ಚಿಕಿತ್ಸೆಯ ಫಲಿತಾಂಶವೂ 2024ರಲ್ಲಿ ಬಂತು. ಇಂದು ಹುಟ್ಟುವ ಮಗುವಿಗೆ ಇವು ಸಿಕ್ಕಿದರೆ ಅದರ ಮಂಡಿ ಉಳಿದೀತು. ಆದರೆ ಗಮನಿಸಿ, ಅಲ್ಲಿ ಮುಖ್ಯವಾಗಿ ಎಣಿಸಿದ್ದು ವರ್ಷಕ್ಕೆ ಎಷ್ಟು ರಕ್ತಸ್ರಾವ ಎಂದು. ಸೊನ್ನೆ ಬಂದವನ ಕಡತ ಮುಚ್ಚಿತು. ನಲವತ್ತರ ಪ್ರಾಯದ, ಕಬ್ಬಿಣ ತಿಂದ ಅವನ ಮಂಡಿ ಮಾತ್ರ ಅಂದು ರಾತ್ರಿಯೂ ಅವನನ್ನು ಮಲಗಲು ಬಿಡಲಿಲ್ಲ.

ಕಾನೂನೂ ಎಣಿಸುವುದು ಹೀಗೆಯೇ, ವಿಚಿತ್ರವಾಗಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಿಮೋಫೀಲಿಯಾವನ್ನು ಇಪ್ಪತ್ತೊಂದು ಬಗೆಗಳಲ್ಲಿ ಒಂದಾಗಿ ಸೇರಿಸಿತು. ಅದೇ ಕಾಯ್ದೆಯ 34ನೇ ಸೆಕ್ಷನ್ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವಾಗ ರಕ್ತದ ಕಾಯಿಲೆಗಳನ್ನು ಪಟ್ಟಿಯಿಂದ ಬಿಟ್ಟಿತು. ಚಲನೆಯ ಅಂಗವೈಕಲ್ಯ ಪಟ್ಟಿಯಲ್ಲಿದೆ. ಅಂದರೆ ನೋವು ತಿನ್ನುತ್ತ ಹೇಗೋ ಕೀಲು ಉಳಿಸಿಕೊಂಡವನಿಗೆ ಏನೂ ಇಲ್ಲ; ಕೀಲು ಪೂರ್ತಿ ಸೆಟೆದು ಕುಂಟಿದ ಮೇಲೆ ಅರ್ಜಿ ಹಾಕಬಹುದು.

ಫ್ಯಾಕ್ಟರ್ ತೆಗೆದುಕೊಳ್ಳುವವರು ಒಂದು ಪುಸ್ತಕ ಇಡುತ್ತಾರೆ. ತಾರೀಖು, ಯಾವ ಕೀಲು, ಎಷ್ಟು ಯೂನಿಟ್, ಬ್ಯಾಚ್ ನಂಬರ್. ಅದರಲ್ಲಿ ಇನ್ನೊಂದು ಅಂಕಣ ಎಳೆಯಲು ಸ್ಕೇಲು, ಪೆನ್ಸಿಲು ಸಾಕು. ಸೊನ್ನೆಯಿಂದ ಹತ್ತರವರೆಗೆ ನೋವು ಎಷ್ಟು ಎಂದು ಕೇಳುವುದು ಬೇಡ; ತಡೆದುಕೊಂಡೇ ಬೆಳೆದವನು ಅದಕ್ಕೆ ಎರಡು ಎಂದು ಬರೆದು ಸುಮ್ಮನಾಗುತ್ತಾನೆ. ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ದೆ ಬಂತು, ನೆಲದ ಮೇಲೆ ಕೂತು ಉಂಡೆಯಾ, ಬಸ್ಸಿನ ಮೆಟ್ಟಿಲಿಗೆ ಮೊದಲು ಇಟ್ಟದ್ದು ಯಾವ ಕಾಲು ಎಂದು ಕೇಳಲಿ.